ಬಾಲದ ತುದಿಗೊಂದು ಕ್ಯಾಮೆರಾ

ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳು ತಯಾರಾದದ್ದು ಒಟ್ಟು 7,377. ಹಾರುವಂತೆ ಉಳಿಸಿಕೊಂಡಿರುವುದು ಎರಡೇ. ಒಂದು ಇಂಗ್ಲೆಂಡಿನಲ್ಲಿದೆ, ಇನ್ನೊಂದು ಕೆನಡಾದ ಹ್ಯಾಮಿಲ್ಟನ್ ಊರಿನ ಸಂಗ್ರಹಾಲಯದಲ್ಲಿ. ಹಣ ಕೊಟ್ಟವರನ್ನು ಹತ್ತಿಸಿಕೊಂಡು ಹಾರುವುದು ಹ್ಯಾಮಿಲ್ಟನ್ನಿನದು. ಇಂಥ ಮುದಿ ವಿಮಾನದೊಳಗೆ ಪ್ರಯಾಣಿಕರಿಗಾಗಿ ವಿಡಿಯೊ ಕ್ಯಾಮೆರಾ ಕೂರಿಸುವ ಮಾತು ಬಂದರೆ, ಅದು ಇತಿಹಾಸಕ್ಕೆ ಮಾಡುವ ಅಪಚಾರ ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಲ್ಯಾಂಕಾಸ್ಟರಿನಲ್ಲಿ ಏಳು ಜನ ಹೋಗುತ್ತಿದ್ದರು. ಏಳು ಜನರಿಗೂ ಕಂಡ ಯುದ್ಧ ಬೇರೆ ಬೇರೆ. ಬಾಂಬ್ ಹಾಕುವವನು ಮೂತಿಯಲ್ಲಿ ಬೋರಲು ಮಲಗಿರುತ್ತಿದ್ದ. ಬಾಲದ ಬಂದೂಕುಗಾರ ಉಳಿದವರಿಗೆಲ್ಲ ಬೆನ್ನು ಹಾಕಿ, ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಒಬ್ಬನೇ ಕೂತಿರುತ್ತಿದ್ದ. ಹ್ಯಾಮಿಲ್ಟನ್ನಿನ ವಿಮಾನ ತೊಟ್ಟಿರುವ ಗುರುತುಗಳು ಬಂದೂಕುಗಾರ ಆಂಡ್ರ್ಯೂ ಮೈನಾರ್ಸ್ಕಿ ಹಾರಿದ ವಿಮಾನದವು. 1944ರ ಜೂನ್‌ನ ಒಂದು ರಾತ್ರಿ ಫ್ರಾನ್ಸಿನ ಮೇಲೆ ಆ ವಿಮಾನಕ್ಕೆ ಬೆಂಕಿ ಬಿದ್ದಾಗ, ಬಾಲದಲ್ಲಿ ಸಿಕ್ಕಿಬಿದ್ದ ಗೆಳೆಯನನ್ನು ಬಿಡಿಸಲು ಆತ ಉರಿಯ ನಡುವೆ ತೆವಳಿಕೊಂಡು ಹೋದ. ಬಿಡಿಸಲಾಗಲಿಲ್ಲ. ಮೈಗೆ ಬೆಂಕಿ ಹೊತ್ತಿದ್ದರೂ ಸೆಲ್ಯೂಟ್ ಹೊಡೆದು ಜಿಗಿದ, ಸುಟ್ಟ ಗಾಯಗಳಿಂದ ಸತ್ತ. ಬಾಲದಲ್ಲಿದ್ದವನು ಬದುಕಿಕೊಂಡ. ಬಾಲಕ್ಕೆ ಹೋಗುವ ಆ ದಾರಿ ಎಷ್ಟು ಇಕ್ಕಟ್ಟಿನದು ಎಂಬುದು ಬೆಲ್ಟು ಕಟ್ಟಿಕೊಂಡು ಕೂತ ಪ್ರಯಾಣಿಕರಿಗೆ ಕ್ಯಾಮೆರಾ ಇಲ್ಲದೆ ಹೇಗೆ ತಿಳಿದೀತು?

ಕ್ಯಾಮೆರಾ ಬಾಂಬರಿಗೆ ಹೊರಗಿನದೂ ಅಲ್ಲ. ಯುದ್ಧದ ಕಾಲದಲ್ಲೇ ಬ್ರಿಟಿಷ್ ಬಾಂಬರುಗಳು ಕ್ಯಾಮೆರಾ ಹೊತ್ತು ಹಾರಿ, ಬಾಂಬು ಹಾಕಿದ ಜಾಗದ ಫೋಟೊ ತರುತ್ತಿದ್ದವು. 1941ರಲ್ಲಿ ಆ ಫೋಟೊಗಳನ್ನು ಪರಿಶೀಲಿಸಿ ಬಟ್ ವರದಿ ಸಿದ್ಧವಾಯಿತು. ಗುರಿಗೆ ಬಾಂಬು ಹಾಕಿದೆವು ಎಂದು ಬಂದು ಹೇಳಿದ ವಿಮಾನಗಳಲ್ಲಿ ಗುರಿಯ ಐದು ಮೈಲಿಯೊಳಗೆ ತಲುಪಿದ್ದು ಮೂರರಲ್ಲಿ ಒಂದು ಮಾತ್ರ ಎಂದು ಅದು ತೋರಿಸಿತು. ಹಾರಿದವರು ಪ್ರಾಮಾಣಿಕವಾಗಿ ನಂಬಿದ್ದನ್ನು ಕ್ಯಾಮೆರಾ ತಿದ್ದಿತು.

ಇನ್ನು ಹಳೆಯದನ್ನು ಮುಟ್ಟಬಾರದು ಎಂಬ ವಾದ. ಇದಕ್ಕೆ ಉತ್ತರ ಬೆಂಗಳೂರಿನಲ್ಲಿದೆ. ಯುದ್ಧ ಮುಗಿದಾಗ ಲೆಂಡ್-ಲೀಸ್ ಕರಾರಿನಂತೆ ಅಮೆರಿಕದಿಂದ ಬಂದ ಲಿಬರೇಟರ್ ಬಾಂಬರುಗಳನ್ನು ಹಿಂದಿರುಗಿಸಬೇಕಿತ್ತು, ಇಲ್ಲವೇ ನಾಶ ಮಾಡಬೇಕಿತ್ತು. ಕಾನ್ಪುರದಲ್ಲಿ ಬ್ರಿಟಿಷರು ಅವನ್ನು ಜಜ್ಜಿ, ಒಡೆದು, ಇನ್ನು ಯಾರಿಗೂ ಬೇಡ ಎಂಬಂತೆ ಬಿಟ್ಟುಹೋದರು. ಅದೇ ಗುಜರಿಯ ರಾಶಿಯಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯವರು ಭಾಗಕ್ಕೆ ಭಾಗ ಕೂಡಿಸಿ, ಹಾರುವಷ್ಟು ರಿಪೇರಿ ಮಾಡಿಕೊಂಡರು. ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಸಜ್ಜಾದ 40ಕ್ಕೂ ಹೆಚ್ಚು ಲಿಬರೇಟರುಗಳು ಭಾರತದ ವಾಯುಪಡೆಯಲ್ಲಿ 1968ರವರೆಗೆ ದುಡಿದವು. ಇಂದು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲಿ, ಅಟಾವಾದಲ್ಲಿ, ಅರಿಜೋನಾದಲ್ಲಿ ನಿಂತಿರುವ ಲಿಬರೇಟರುಗಳು ಭಾರತದಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ ವರ್ಷಗಟ್ಟಲೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಹಾರಿಸಿದ ಲಿಬರೇಟರ್ ಕೂಡ ಭಾರತದ ವಾಯುಪಡೆಯಲ್ಲಿ ದುಡಿದದ್ದೇ. ಜಜ್ಜಿದ ತಗಡಿಗೆ ಕೈ ಹಾಕಲು ಹಿಂಜರಿದಿದ್ದರೆ ಇವುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಬೆಂಗಳೂರಿನ ಆ ಫಿಟ್ಟರುಗಳ, ಮೆಕ್ಯಾನಿಕ್‌ಗಳ ಹೆಸರು ಯಾವ ರೆಕ್ಕೆಯ ಮೇಲೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ. ಅವರು ಕೆಲಸ ಮಾಡಿದ ರೀತಿಯನ್ನು ಅಂದು ಯಾರಾದರೂ ಚಿತ್ರೀಕರಿಸಿದ್ದರೆ ಎಂಥ ಆಸ್ತಿಯಾಗುತ್ತಿತ್ತು!

ಕಿಟಕಿ ಬಿಟ್ಟು ಪರದೆ ನೋಡುತ್ತ ಕೂತರೆ ಹಾರಿದ್ದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ವಿಮಾನದೊಳಗೆ ಪರದೆ ಬೇಡ. ಚಿತ್ರ ಇಳಿದ ಮೇಲೆ ಕೈಗೆ ಬರಲಿ. ಸುರಕ್ಷತೆಯ ಆಕ್ಷೇಪ ಇನ್ನೂ ತೂಕದ್ದು. 2019ರ ಅಕ್ಟೋಬರ್ 2ರಂದು ಕನೆಕ್ಟಿಕಟ್‌ನಲ್ಲಿ ಪ್ರಯಾಣಿಕರಿದ್ದ ಹಳೆಯ ಬಿ-17 ಬಾಂಬರ್ ಬಿದ್ದು ಏಳು ಜನ ಸತ್ತರು; ಎಂಜಿನ್ನುಗಳ ನಿರ್ವಹಣೆಯಲ್ಲಿ ಕೊರತೆಯಿತ್ತೆಂದು ತನಿಖೆ ಹೇಳಿತು. ಆದರೆ ಭದ್ರವಾಗಿ ಬಿಗಿದ ಕ್ಯಾಮೆರಾ ಇದ್ದರೆ ಫೋನು ಹಿಡಿದು ಓಡಾಡುವವರ ಕಾಟ ತಪ್ಪುತ್ತದೆ, ಎಂಜಿನ್ನಿನತ್ತ ತಿರುಗಿಸಿದ ಒಂದು ಕ್ಯಾಮೆರಾ ಎಣ್ಣೆ ಸೋರಿಕೆಯನ್ನೂ ಹೊಗೆಯನ್ನೂ ಮೆಕ್ಯಾನಿಕ್‌ಗೆ ತೋರಿಸುತ್ತದೆ. ಹಳೆಯ ತಗಡಿಗೆ ಒಂದು ತೂತೂ ಕೊರೆಯದೆ ಕ್ಲ್ಯಾಂಪಿನಿಂದ ಬಿಗಿಯಲಿ, ವಿಮಾನದ ವೈರಿಂಗಿಗೆ ಜೋಡಿಸದೆ ಬ್ಯಾಟರಿಯಿಂದ ನಡೆಸಲಿ. ಮೊದಲ ಕ್ಯಾಮೆರಾ ಬಾಲದ ಬಂದೂಕುಗಾರನ ಜಾಗಕ್ಕೆ ಹೋಗಲಿ.