ಬಳಿದ ಬೆಳ್ಳಿ

ಸಾರಿಸುವುದು, ಬಳಿಯುವುದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ನೆಲಕ್ಕೆ ಸಗಣಿ, ಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು. ಕುರೆಕುಪ್ಪದ ನಮ್ಮ ಮನೆಯ ಬಚ್ಚಲಲ್ಲಿ ಕೆಂಪು ದೀಪ ಹಚ್ಚಿಕೊಂಡು ಕಾಗದಕ್ಕೆ ಎಮಲ್ಷನ್ ಬಳಿಯಲು ಕುಳಿತಾಗ ನನಗೆ ಹೊಸದೆನಿಸಿದ್ದು ಆ ಬೆಳಕಷ್ಟೇ.

ಎಮಲ್ಷನ್ ಎಂದರೆ ಜೆಲಟಿನ್ನಿನಲ್ಲಿ ಸೇರಿಸಿದ ಬೆಳ್ಳಿಯ ಲವಣ. ಬಾಟಲಿಯಲ್ಲಿ ತುಪ್ಪದಂತೆ ಹೆಪ್ಪುಗಟ್ಟಿರುತ್ತದೆ, ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ಅಗಲ ಕುಂಚದಿಂದ ಒಮ್ಮೆ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಮ್ಮೆ ಅಡ್ಡಕ್ಕೆ ಬಳಿದು ಕತ್ತಲಲ್ಲೇ ಒಣಗಿಸಬೇಕು. ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಇದು ಆಗದ ಮಾತು. 40 ಡಿಗ್ರಿ ಸೆಕೆಗೆ ಜೆಲಟಿನ್ ಹೆಪ್ಪುಗಟ್ಟುವುದೇ ಇಲ್ಲ. ಚಳಿಗಾಲದ ರಾತ್ರಿಯೇ ಆಗಬೇಕು. ಅದಿರಿನ ಕೆಂಪು ಧೂಳು ಬೇರೆ! ಬಾಗಿಲ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿಯೇ ಬಾಟಲಿ ತೆರೆಯುತ್ತೇನೆ.

ಬಾಟಲಿ ಕಂಡ ದಿನವೇ ನಮ್ಮತ್ತೆ ಕೇಳಿದ್ದರು, “ಅದರಾಗ ಏನೈತವ್ವ?”

“ದನದ ಎಲುಬು, ಚರ್ಮ ಕುದಿಸಿ ತೆಗೆದ ಅಂಟು, ಅತ್ತಿ.”

“ಹಂಗಾದ್ರ ಅಡಿಗಿಮನಿ ಕಡಿ ತರಬ್ಯಾಡ.”

ಬಚ್ಚಲನ್ನು ಬಿಟ್ಟುಕೊಟ್ಟದ್ದೇ ದೊಡ್ಡದು.

ಕಾಗದಕ್ಕೆ ಬೆಳ್ಳಿ ಹಿಡಿಸುವ ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದ. ಆಗ ಜೆಲಟಿನ್ನಿನ ಎಮಲ್ಷನ್ ಇರಲಿಲ್ಲ. ಕಾಗದಕ್ಕೆ ಮೇಣ ಹಿಡಿಸಿ, ಅಯೊಡೈಡಿನ ದ್ರಾವಣದಲ್ಲೂ ಬೆಳ್ಳಿಯ ದ್ರಾವಣದಲ್ಲೂ ಅದ್ದಿ, ಹಾಳೆ ಹಾಳೆಯನ್ನೂ ಕೈಯಾರೆ ಸಿದ್ಧಪಡಿಸಬೇಕಿತ್ತು. ಅವನ ಚಿತ್ರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಈಗ ಅದಿಲ್ಲ. 2017ರಲ್ಲಿ ಬಂದ 50 ರೂಪಾಯಿಯ ಹೊಸ ನೋಟಿನ ರಥಕ್ಕೂ ಇಲ್ಲ. ಅವನು ಕ್ಯಾಮರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನನ್ನನ್ನು ಕಾಡಿದ್ದು ಮಾತ್ರ ಇನ್ನೊಂದು. ಆ ಕಾಗದಕ್ಕೆ ಬೆಳಕು ಸಾಲುತ್ತಿರಲಿಲ್ಲ, ಕ್ಯಾಮರಾ ನಿಮಿಷಗಟ್ಟಲೆ ಕಣ್ಣು ತೆರೆದಿರಬೇಕಿತ್ತು. ನಿಲ್ಲೆಂದಾಗ ನಿಂತವರು ಮಾತ್ರ ಮೂಡುತ್ತಿದ್ದರು. ಕೊಡ ಹೊತ್ತವಳು, ಸೌದೆ ಹೊತ್ತವಳು ಎದುರಿಗೇ ಹಾದುಹೋಗಿದ್ದರೂ ಗುರುತಿಲ್ಲ. ಕೆಲಸವಿದ್ದವರಿಗೆ ನಿಲ್ಲಲು ಎಲ್ಲಿಯ ಪುರಸೊತ್ತು?

ನಮ್ಮವ್ವನೂ ಅಂಥವಳೇ. ಅಣ್ಣ ಹೊಸಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದ, ಊರಿನ ಮದುವೆಗಳನ್ನೆಲ್ಲ ತೆಗೆದ. ಅವ್ವನದು ಮಾತ್ರ ಒಂದೇ ನೆಗೆಟಿವ್, ಅದೂ ಹಿತ್ತಲ ಒಲೆಯ ಮುಂದೆ ರೊಟ್ಟಿ ಬಡಿಯುವಾಗ. “ಅಳ್ಳಾಡಿ ಕೆಟ್ಟೈತಿ” ಎಂದು ಅಣ್ಣ ಅದನ್ನು ಪ್ರಿಂಟು ಹಾಕಲೇ ಇಲ್ಲ. ಅವ್ವ ತೀರಿಕೊಂಡಾಗ ಹಾರ ಹಾಕಲು ಮನೆಯಲ್ಲೊಂದು ಫೋಟೊ ಇರಲಿಲ್ಲ. ಸ್ಟುಡಿಯೊ ಮುಚ್ಚಿದ ಮೇಲೆ ಎನ್‌ಲಾರ್ಜರಿನ ಜೊತೆ ಆ ನೆಗೆಟಿವ್ ನನ್ನ ಪಾಲಿಗೆ ಬಂತು.

ಹೋದ ಪುಷ್ಯಮಾಸದ ಒಂದು ರಾತ್ರಿ, ನಾನೇ ಬಳಿದ ಹಾಳೆಯ ಮೇಲೆ ಅದನ್ನು ಮೂಡಿಸಿದೆ. ಡೆವಲಪರಿನ ತಟ್ಟೆಯಲ್ಲಿ ಮೊದಲು ಒಲೆ, ಆಮೇಲೆ ಹಂಚು, ಆಮೇಲೆ ಬಗ್ಗಿದ ತಲೆ. ಕೈಗಳಿರಬೇಕಾದಲ್ಲಿ ಬರೀ ಹೊಗೆ. ಅಂಚಿನಲ್ಲಿ ನನ್ನ ಕುಂಚದ ಗೀರುಗಳು.

ಬೆಳಿಗ್ಗೆ ಅತ್ತೆಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ನಿಮ್ಮವ್ವನ ಹೌದು. ಕೈ ನಿಂತಿಲ್ಲ ನೋಡು.”

ಇನ್ನೊಂದು ಪ್ರತಿ ಅಣ್ಣನಿಗೆ ಕಳಿಸಿದ್ದೇನೆ. ಹಾರ ಹಾಕಬೇಡ ಎಂದೂ ಹೇಳಿದ್ದೇನೆ.