ಅವ್ವನ ಕಣ್ಣು

ಹಾನಗಲ್ಲಿನ ಮಕ್ಕಳಿಗೆ ಒಂದು ಹೆಮ್ಮೆ. ಗಂಗೂಬಾಯಿ ಹಾನಗಲ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ‘ನಮ್ಮೂರವರು’ ಎನ್ನುತ್ತಾರೆ. ಅವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಆದರೂ ಹೆಸರಿನ ಜೊತೆ ಊರನ್ನು ಲೋಕಕ್ಕೆಲ್ಲ ಕೊಂಡೊಯ್ದವರು. ಕಳೆದ ಡಿಸೆಂಬರಿನಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು, ಶಿಗ್ಗಾಂವಿ ಹಾದು, ಹುಬ್ಬಳ್ಳಿಯ ಉಣಕಲ್ ಬಳಿ ಅವರ ನೆನಪಿಗೆ ನಿಂತ ಗುರುಕುಲಕ್ಕೆ ಹೋದೆ.

ಒಳಗೆಲ್ಲೋ ತಂಬೂರಿಯ ನಾದ. ಯಾರೋ ಒಂದೇ ಸ್ವರವನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದರು. ಸದಾ ಗದ್ದಲ ಮಾಡುವ ನಮ್ಮ ಹುಡುಗರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು.

ಅಲ್ಲಿಂದ ಉಣಕಲ್ ಕೆರೆಯ ಉದ್ಯಾನಕ್ಕೆ ಬಂದು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿಯ ನಡುವೆ ಮೊಬೈಲಿನಲ್ಲಿ ಗಂಗೂಬಾಯಿಯವರ ಗಾಯನ ಹಾಕಿದೆ. ಒಬ್ಬ ಹುಡುಗ ಕೇಳಿದ: ‘ಸರ್, ಇದು ಗಂಡಸರ ದನಿ ಅಲ್ಲೇನ್ರಿ?’

ಮೇಷ್ಟ್ರಿಗೆ ಇನ್ನೇನು ಬೇಕು! ಧ್ವನಿತಂತುಗಳು ದಪ್ಪವಾದಷ್ಟೂ ನಿಧಾನವಾಗಿ ಕಂಪಿಸುತ್ತವೆ, ಆವೃತ್ತಿ ಇಳಿಯುತ್ತದೆ, ದನಿ ಭಾರವಾಗುತ್ತದೆ ಎಂದೆ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಹೀಗಾಯಿತು, ಹಾಡು ಬಿಡಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು ಆ ದನಿಯನ್ನೇ ಪಳಗಿಸಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈ 21ರಂದು, 96ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

‘ಅಷ್ಟು ವಯಸ್ಸಾದವರ ಕಣ್ಣು ಬರ್ತಾವೇನ್ರಿ ಸರ್?’ ಎಂದಳು ಒಬ್ಬ ಹುಡುಗಿ.

ಬರುತ್ತವೆ. ಇಡೀ ಕಣ್ಣನ್ನು ಕಸಿ ಮಾಡುವುದಿಲ್ಲ. ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ ಮಾತ್ರ. ಅದಕ್ಕೆ ವಯಸ್ಸಿನ ಹಂಗಿಲ್ಲ. ಕನ್ನಡಕ ಹಾಕಿದವರೂ ಕೊಡಬಹುದು. ಒಬ್ಬರಿಂದ ಇಬ್ಬರಿಗೆ ಬೆಳಕಾಗಬಹುದು. ಆದರೆ ಸಾವಿನ ನಂತರ ಸುಮಾರು ಆರು ತಾಸಿನೊಳಗೆ ತೆಗೆಯಬೇಕು.

‘ನಿಮ್ಮ ಮನ್ಯಾಗ ಯಾರರ ಕೊಟ್ಟಾರೇನ್ರಿ?’

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

ನನ್ನ ಅವ್ವ ಕೊಡುತ್ತೇನೆಂದು ಹೇಳಿದ್ದಳು. ಅಕ್ಷರ ಬಾರದವಳು, ಆದರೆ ನಾನು ಮನೆಯಲ್ಲಿ ಪಾಠದ ತಯಾರಿ ಮಾಡುವಾಗ ಕೇಳಿಸಿಕೊಂಡಿದ್ದಳು. ‘ಮಣ್ಣಿಗೆ ಹೋಗೂದು ಯಾರಿಗರ ಬರಲಿ’ ಎಂದಿದ್ದಳು. ಅವಳು ಹೋದದ್ದು ನಡುರಾತ್ರಿ. ಬಂಧುಗಳಲ್ಲಿ ಹಿರಿಯರೊಬ್ಬರು, ‘ಹಂಗ ಕಳಿಸಿದ್ರ ಮುಂದಿನ ಜನ್ಮದಾಗ ಕುರುಡಿ ಆಗ್ತಾಳ’ ಎಂದರು. ಇಪ್ಪತ್ತೆಂಟು ವರ್ಷ ಕಣ್ಣಿನ ಪಾಠ ಮಾಡಿದ ನಾನು ಬಾಯಿ ತೆರೆಯಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಕುಳಿತೆ. ಬೆಳಗಾಯಿತು. ಆರು ತಾಸು ಮುಗಿದುಹೋಯಿತು.

ಇದನ್ನು ಮಕ್ಕಳಿಗೆ ಇದ್ದಂತೆಯೇ ಹೇಳಿದೆ. ಯಾರೂ ಮಾತಾಡಲಿಲ್ಲ.

ದಾನದ ಪತ್ರ ತುಂಬಿದರೆ ಸಾಲದು. ಆ ಹೊತ್ತಿಗೆ ನೇತ್ರಭಂಡಾರಕ್ಕೆ ಫೋನು ಮಾಡುವವರು ಮನೆಯವರು. ಅವರ ಒಪ್ಪಿಗೆಯೇ ಮುಖ್ಯ. ಹಾಗಾಗಿ ಅಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ, ಮಕ್ಕಳಿಗೆ ನನ್ನ ವಿಷಯ ಹೇಳಿಬಿಟ್ಟೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನು ಆರಿಸಿ, ತಲೆಯ ಕೆಳಗೆ ದಿಂಬು ಕೊಡಿ, ತಡಮಾಡದೆ ಫೋನು ಮಾಡಿ. ‘ಊಟದ ಹೊತ್ತಿಗೆ ಎಂಥಾ ಮಾತು!’ ಎಂದು ಹೆಂಡತಿ ಗದರಿದಳು. ಆದರೆ ಮಗ ನೇತ್ರಭಂಡಾರದ ನಂಬರು ಬರೆದು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿದ.

ಮರುವಾರ ಅದೇ ಹುಡುಗಿ ತರಗತಿಯಲ್ಲಿ ಎದ್ದು ನಿಂತಳು. ‘ಸರ್, ನಮ್ಮಜ್ಜಗ ಹೇಳಿದೆ. ಕೊಡ್ತೀನಿ ಅಂದಾನ್ರಿ. ಆದ್ರ ಮೊದಲ ಒಂದು ಚಲೋ ಚಾಳೀಸು ಮಾಡಿಸಿಕೊಡ್ರಿ, ಇರೂತನಕ ನಾನೂ ನೋಡ್ತೀನಿ ಅಂದಾನ್ರಿ!’

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಕಪ್ಪುಹಲಗೆಯ ಕಡೆ ತಿರುಗಿ ಕಣ್ಣಿನ ಚಿತ್ರ ಬರೆಯತೊಡಗಿದೆ.