ವಿಚಿತ್ರ ಕಣಗಳೂ ನಮ್ಮ ಹಳೆಯ ಟಿಪ್ಪಣಿಯೂ

ಕಳೆದ ಬೇಸಗೆಯಲ್ಲಿ ಅಟ್ಟದ ಪುಸ್ತಕಗಳಿಗೆ ಹುಳು ಹಿಡಿದಿದೆಯೆಂದು ಅವನ್ನೆಲ್ಲ ಇಳಿಸಿ ಅಂಗಳದ ಬಿಸಿಲಿಗೆ ಹರವಿದ್ದೆವು. ಬಿ.ಎಸ್‌ಸಿ. ತರಗತಿಯಲ್ಲಿ ಭೌತಶಾಸ್ತ್ರವನ್ನೋದುವ ನಮ್ಮ ಮೊಮ್ಮಗಳು, ನಾವು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದ ಟಿಪ್ಪಣಿಯ ಪುಸ್ತಕವೊಂದನ್ನು ಎತ್ತಿಕೊಂಡು ಜಗಲಿಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, "ತಾತ, ನೀವು ಕೆಂಪು ಶಾಯಿಯಲ್ಲಿ ಗೆರೆಯೆಳೆದಿರುವ ಈ ಮಾತು ಸರಿಯಲ್ಲ" ಎಂದಳು. ಆ ಮಾತು ಇಷ್ಟೆ: ವಿಚಿತ್ರ ಕಣಗಳ ವೃದ್ಧಿಯು ಭಾರವಾದ ಪರಮಾಣುಬೀಜಗಳ ಸಂಘಟ್ಟನೆಯಲ್ಲಿ ಮಾತ್ರ ಕಾಣುವುದು, ಪ್ರೋಟಾನುಗಳ ಸಂಘಟ್ಟನೆಯಲ್ಲಿ ಕಾಣದು. ಈ ವಾಕ್ಯವನ್ನು ನಾವು ಒಂಬತ್ತು ವರ್ಷ ತರಗತಿಯಲ್ಲಿ ಬರೆಯಿಸಿದ್ದೆವು. ಪರೀಕ್ಷೆಯಲ್ಲಿ ಹೀಗೆ ಬರೆಯದವರ ಅಂಕವನ್ನು ಕಳೆದದ್ದೂ ಉಂಟು.

ವಿಚಿತ್ರವೆಂಬುದು ನಾವು ಕಟ್ಟಿದ ವಿಶೇಷಣವಲ್ಲ. ಶಾಸ್ತ್ರಜ್ಞರೇ ಬೆರಗಾಗಿ ಇಟ್ಟ ಹೆಸರು. 1947 ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೋಚೆಸ್ಟರ್ ಮತ್ತು ಬಟ್ಲರ್ ಎಂಬವರು, ಆಕಾಶದಿಂದ ಸುರಿಯುವ ವಿಶ್ವಕಿರಣಗಳು ಆವಿ ತುಂಬಿದ ಪೆಟ್ಟಿಗೆಯೊಳಗೆ ಎಳೆದ ಜಾಡುಗಳ ಛಾಯಾಚಿತ್ರಗಳಲ್ಲಿ ಒಂದು ಹೊಸ ಕವಲನ್ನು ಕಂಡರು. ಏನೂ ಕಾಣದ ಎಡೆಯಿಂದ ಎರಡು ಗೆರೆಗಳು ಕವೆಗೋಲಿನಂತೆ ಹೊರಟಿದ್ದುವು. ತಾನು ಜಾಡನ್ನು ಬಿಡದ ಕಣವೊಂದು ಅಲ್ಲಿ ಒಡೆದು ಎರಡಾಗಿತ್ತು. ಮುಂದೆ ಇಂತಹವು ಹಲವು ದೊರೆತುವು. ಅವು ಹುಟ್ಟುವುದು ಬಲು ಬೇಗ, ಅಳಿಯುವುದು ಬಲು ನಿಧಾನ. ನಿಧಾನವೆಂದರೂ ಲ್ಯಾಂಬ್ಡಾ ಎಂಬ ಕಣದ ಆಯುಸ್ಸು ಒಂದು ಸೆಕೆಂಡಿನ ಸಾವಿರ ಕೋಟಿ ಪಾಲುಗಳಲ್ಲಿ ಎರಡು ಮೂರು ಪಾಲು ಮಾತ್ರ. ಆದರೆ ಹುಟ್ಟಲು ಹಿಡಿದ ಕಾಲಕ್ಕೆ ಹೋಲಿಸಿದರೆ ಅದು ಲಕ್ಷ ಕೋಟಿ ಮಡಿಗೂ ಮಿಗಿಲು. ಕ್ಷಣದಲ್ಲಿ ಬಿದ್ದ ಗಂಟು ಕ್ಷಣದಲ್ಲಿಯೇ ಬಿಚ್ಚಬೇಡವೆ?

ಅಮೆರಿಕದ ಗೆಲ್‌ಮನ್ನರೂ ಜಪಾನಿನ ನಕಾನೊ ಮತ್ತು ನಿಶಿಜಿಮರೂ 1953 ರಲ್ಲಿ ಇದಕ್ಕೆ ಹೇಳಿದ ಸಮಾಧಾನವು ಗೃಹಸ್ಥರಿಗೆ ಬೇಗ ಮನವರಿಕೆಯಾಗುವಂತಹುದು. ಪ್ರಕೃತಿಯು ಇಲ್ಲೊಂದು ಜಮಾಖರ್ಚಿನ ಪುಸ್ತಕವನ್ನಿಟ್ಟಿದೆ. ವೈಚಿತ್ರ್ಯವೆಂಬ ಗುಣವು ಒಂದು ಕಣದಲ್ಲಿ ಜಮೆಯಾದರೆ, ಜತೆಯಲ್ಲಿ ಹುಟ್ಟಿದ ಇನ್ನೊಂದರಲ್ಲಿ ಅಷ್ಟೇ ಖರ್ಚು ಬೀಳಬೇಕು. ಆದುದರಿಂದ ಅವು ಜೋಡಿಯಾಗಿಯೇ ಹುಟ್ಟುವುವು. ಅಗಲಿದ ಮೇಲೆ ಒಂಟಿ ಕಣವು ಅಳಿಯಬೇಕಾದರೆ ಲೆಕ್ಕವು ತಪ್ಪಬೇಕು. ಹಾಗೆ ತಪ್ಪಿಸಬಲ್ಲುದು ದುರ್ಬಲವಾದ ಬಲವೊಂದೆ. ಅದರ ಕೆಲಸವೋ ಬಹಳ ಮಂದ. ಈ ಗುಣಕ್ಕೆ ಮೂಲವು ಪ್ರೋಟಾನಿನಲ್ಲಿರುವ ಎರಡು ಬಗೆಗಳಿಗಿಂತ ಭಾರವಾದ ಮೂರನೆಯ ಬಗೆಯ ಕ್ವಾರ್ಕ್ ಎಂಬ ವಿಚಾರವು 1964 ರಲ್ಲಿ ಹುಟ್ಟಿತು.

ನಮ್ಮ ಕೆಂಪು ಗೆರೆಯ ವಾಕ್ಯಕ್ಕೆ ಆಧಾರವಾದುದು ಆಮೇಲಿನ ಸಂಗತಿ. ಸೀಸದ ಪರಮಾಣುಬೀಜದಲ್ಲಿ 82 ಪ್ರೋಟಾನುಗಳೂ 126 ನ್ಯೂಟ್ರಾನುಗಳೂ ಇರುವುವು. ಇಂತಹ ಎರಡು ಬೀಜಗಳನ್ನು ಮಹಾವೇಗದಿಂದ ತಾಗಿಸಿದರೆ ಕ್ವಾರ್ಕುಗಳು ತಮ್ಮ ಸೆರೆಯಿಂದ ಬಿಡುಗಡೆಯಾಗಿ ಒಂದು ಬಗೆಯ ಬಿಸಿಪಾಕವಾಗಬೇಕು. ಸಾಮಾನ್ಯವಾದ ಹೊಡೆತದಲ್ಲಿ ವಿಚಿತ್ರ ಕಣಗಳ ಜೋಡಿಯೊಂದನ್ನು ಪಡೆಯಲು ಪ್ರೋಟಾನಿನ ತೂಕದ ಹತ್ತರಲ್ಲಿ ಏಳು ಪಾಲಿನಷ್ಟು ಶಕ್ತಿಯನ್ನು ವೆಚ್ಚಮಾಡಬೇಕಾದರೆ, ಆ ಪಾಕದಲ್ಲಿ ವಿಚಿತ್ರ ಕ್ವಾರ್ಕಿನ ಜೋಡಿಗೆ ಸುಮಾರು ಐದರಲ್ಲೊಂದು ಪಾಲು ಸಾಕು. ಆದುದರಿಂದ ವಿಚಿತ್ರ ಕಣಗಳ ಬೆಳೆಯು ಹೆಚ್ಚಾದರೆ ಪಾಕವಾಗಿದೆಯೆಂದು ತಿಳಿಯಬಹುದೆಂದು ರಫೆಲ್‌ಸ್ಕಿ ಮತ್ತು ಮ್ಯುಲ್ಲರ್ 1982 ರಲ್ಲಿ ವಾದಿಸಿದರು. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಹಾಗೆಯೇ ಕಂಡಿತು. ಮೂರು ವಿಚಿತ್ರ ಕ್ವಾರ್ಕುಗಳುಳ್ಳ ಒಮೇಗಾ ಕಣವು, ಸಂಘಟ್ಟನೆಯಲ್ಲಿ ಭಾಗವಹಿಸಿದ ಕಣವೊಂದಕ್ಕೆ ಇಷ್ಟೆಂದು ಲೆಕ್ಕ ಹಾಕಿದಾಗ, ಪ್ರೋಟಾನನ್ನು ಹಗುರವಾದ ಬೆರಿಲಿಯಮ್ಮಿಗೆ ತಾಗಿಸಿದುದಕ್ಕಿಂತ 15 ರಿಂದ 20 ಮಡಿ ಹೆಚ್ಚಾಗಿತ್ತು. 2000 ದ ಫೆಬ್ರುವರಿಯಲ್ಲಿ ಸಂಸ್ಥೆಯವರು ದ್ರವ್ಯದ ಹೊಸ ಅವಸ್ಥೆಗೆ ಸಾಕ್ಷ್ಯ ದೊರೆತಿದೆಯೆಂದು ಪ್ರಕಟಿಸಿದರು. ಆ ವಾರವೇ ನಾವು ಆ ವಾಕ್ಯವನ್ನು ಬರೆದೆವು. ಪ್ರೋಟಾನೆಂಬುದು ಅಳತೆಯ ಗಜಕಡ್ಡಿ. ಗಜಕಡ್ಡಿಯೇ ಹಿಗ್ಗೀತೆಂದು ಯಾರು ಶಂಕಿಸುವರು?

ಮೊಮ್ಮಗಳು ತೋರಿಸಿದುದು 2017 ರಲ್ಲಿ ಪ್ರಕಟವಾದ ಲೇಖನ. ಅದೇ ಸರ್ನಿನ 27 ಕಿಲೋಮೀಟರಿನ ಮಹಾಚಕ್ರದಲ್ಲಿ ಆಲಿಸ್ ಎಂಬ ಪ್ರಯೋಗದವರು ಪ್ರೋಟಾನಿಗೆ ಪ್ರೋಟಾನನ್ನೇ ತಾಗಿಸಿ, ಒಂದೊಂದು ಹೊಡೆತದಿಂದಲೂ ಎಷ್ಟೆಷ್ಟು ಕಣಗಳು ಹೊಮ್ಮಿದುವೆಂಬುದರ ಮೇಲೆ ಅವನ್ನು ವಿಂಗಡಿಸಿದರು. ಕೆಲವೇ ಕಣಗಳು ಹೊಮ್ಮಿದಲ್ಲಿ ಹಳೆಯ ಲೆಕ್ಕವೇ ಇತ್ತು. ಹೆಚ್ಚು ಹೊಮ್ಮಿದಂತೆಲ್ಲ ವಿಚಿತ್ರ ಕಣಗಳ ಪ್ರಮಾಣವು ಮೆಲ್ಲಮೆಲ್ಲನೆ ಏರಿತು. ವೈಚಿತ್ರ್ಯವು ಹೆಚ್ಚಾಗಿರುವ ಒಮೇಗಾ ಎಲ್ಲಕ್ಕಿಂತ ಕಡಿದಾಗಿ ಏರಿತು. ತುದಿಯಲ್ಲಿ ಅದು ಸೀಸದಲ್ಲಿ ಕಂಡ ಪ್ರಮಾಣದ ಸಮೀಪಕ್ಕೇ ಬಂದಿತ್ತು. ನಡುವೆ ಎಲ್ಲಿಯೂ ಹೊಸ್ತಿಲೆಂಬುದಿಲ್ಲ.

ಇದೇಕೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅಷ್ಟು ಚಿಕ್ಕ ಎಡೆಯಲ್ಲಿಯೂ ಪಾಕದ ಹನಿಯೊಂದು ಆಗುವುದೆಂದು ಕೆಲವರು. ಕ್ವಾರ್ಕುಗಳನ್ನು ಬಿಗಿದ ಎಳೆಗಳು ಹುರಿಗೊಂಡು ಹಗ್ಗದಂತೆ ಬಲಿಯುವುವೆಂದು ಕೆಲವರು. ನಮಗೆ ಹಿಡಿಸಿದುದು ಮೂರನೆಯದು. ವೈಚಿತ್ರ್ಯದ ಲೆಕ್ಕವು ಚಿಕ್ಕ ಸಂಸಾರದಲ್ಲಿ ಅಲ್ಲಿಯೇ ಆ ಕ್ಷಣವೇ ಸರಿಹೋಗಬೇಕು; ದೊಡ್ಡ ಸಂತೆಯಲ್ಲಿ ಒಬ್ಬರ ಸಾಲಕ್ಕೆ ಇನ್ನಾರ ಜಮೆಯಾದರೂ ಒದಗುವುದು. ಹಾಗಾದರೆ ಸೀಸದಲ್ಲಿ ವೃದ್ಧಿಯಾದುದೆಂಬುದಕ್ಕಿಂತ ಪ್ರೋಟಾನಿನಲ್ಲಿ ಅಡ್ಡಿಯಿದ್ದಿತೆಂದೇ ಹೇಳಬೇಕಾಗುವುದು. ಮೊಮ್ಮಗಳಿಗೆ ಇದು ಒಪ್ಪಿಗೆಯಿಲ್ಲ. ಅವಳು ಹನಿಯ ಪಕ್ಷದವಳು.

ನಮ್ಮ ಚಿಂತೆ ಬೇರೆಯಾಗಿತ್ತು. ನಮ್ಮ ಶಿಷ್ಯನೊಬ್ಬನು ಈಗ ಉಪಾಧ್ಯಾಯನಾಗಿ, ನಾವು ಕೊಟ್ಟ ಟಿಪ್ಪಣಿಯಿಂದಲೇ ಪಾಠ ಹೇಳುವನೆಂದು ಹಿಂದೊಮ್ಮೆ ಅಭಿಮಾನದಿಂದ ತಿಳಿಸಿದ್ದನು. ನಮ್ಮ ತಪ್ಪು ಅವನ ಕೈಯಿಂದ ಎಷ್ಟು ಮಕ್ಕಳ ಪುಸ್ತಕಗಳಿಗೆ ಇಳಿಯಿತೋ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಎಲ್ಲವನ್ನೂ ವಿವರಿಸಿ, ಕ್ಷಮೆ ಕೇಳಿ, ನಾಲ್ಕು ಪುಟದ ಕಾಗದವನ್ನು ಬರೆದೆವು.

ವಾರದೊಳಗೆ ಉತ್ತರ ಬಂದಿತು. ಪೂಜ್ಯ ಗುರುಗಳಿಗೆ ನಮಸ್ಕಾರಗಳು, ಆ ವಾಕ್ಯವನ್ನು ತಾನು 2018 ರಲ್ಲಿಯೇ ತಿದ್ದಿಕೊಂಡುದಾಗಿಯೂ, ತಮಗೆ ತಿಳಿಸಲು ಸಂಕೋಚವಾಯಿತೆಂದೂ ಬರೆದಿದ್ದನು. ಕಾಗದವನ್ನು ಓದಿ ಮೊದಲು ನಿಶ್ಚಿಂತರಾದೆವು. ಆಮೇಲೆ, ಸುಳ್ಳೇಕೆ, ಸ್ವಲ್ಪ ನೊಂದುಕೊಂಡೆವು. ಇಷ್ಟು ವರ್ಷ ತಿಳಿಸಲಾರದಷ್ಟು ಸಂಕೋಚವನ್ನು ಅವನಿಗೆ ಕಲಿಸಿದವರು ಯಾರೆಂದು ಮನೆಯಲ್ಲಿ ಕೇಳಿದೆವು. ಮೊಮ್ಮಗಳು ಉತ್ತರ ಕೊಡದೆ, ಕಳೆದ ಅಂಕಗಳ ಪಟ್ಟಿಯೇನಾದರೂ ಆ ಪುಸ್ತಕದಲ್ಲಿದೆಯೆ ಎಂದು ಹುಡುಕತೊಡಗಿದಳು.